ಐದನೇ ಲೈಸನ್ಸ್

ಕಲಬುರಗಿಯ ಮೇ ತಿಂಗಳು, ರಾತ್ರಿ ಒಂದೂವರೆ.
ಹೊರಗ ಗೋಡೆ ಇನ್ನೂ ಹಗಲನ್ನ ಉಗುಳಲತ್ತದ,
ಒಳಗ ನಾನು ಸ್ವೆಟರ್ ಹಾಕ್ಕೊಂಡು ಕುಂತೀನಿ
ಅರವತ್ನಾಕು ಯಂತ್ರಗಳ ತಂಪಿನ್ಯಾಗ.

ಯಂತ್ರಕ್ಕೇನು ಕೊರತಿ ಇಲ್ಲ.
ಮೂವತ್ತೊಂದು ಖಾಲಿ, ಹಸಿರು ದೀಪ ಹಚ್ಕೊಂಡು
ಕೆಲಸ ಕೊಡ್ರಿ ಅಂತ ಮಿಣಕಲತ್ತಾವ.
ಕೊರತಿ ಇರೋದು ಲೈಸನ್ಸಿಂದು: ಐದೇ ಐದು,
ಇಡೀ ಕಾಲೇಜಿಗೆ, ಬೀದರಿನ ಶಾಖೆಗೂ ಸೇರಿ.

ನಮ್ಮ ಓಣಿ ಸಂಘದಾಗ ದೊಡ್ಡ ಹಂಡೆ ಎರಡಿದ್ದವು.
ಮದುವಿ ಎಷ್ಟರೆ ಇರಲಿ, ಹಂಡೆ ಎರಡೇ.
ಅಪ್ಪ ಪಟ್ಟಿ ಬರೀತಿದ್ದ:
ಹಂಡೆ ಗಟ್ಟಿ ಮಾಡ್ಕೊಂಡು ಒಲಿ ಹಚ್ಚರಿ, ಅಂತಿದ್ದ.

ಅದನ್ನೇ ನಾನು ಈ ಹುಡುಗರಿಗೆ ಹೇಳೋದು.
ಸ್ಕ್ರಿಪ್ಟಿನ ಮೊದಲಿಗೇ ಬರೀರಿ, ಎಷ್ಟು ಲೈಸನ್ಸ್ ಬೇಕಂತ.
ಬರೀಲಿಲ್ಲಂದ್ರ ಸರದಿ ನಿಮ್ಮನ್ನ ಕರೀತದ,
ಯಂತ್ರ ಕೊಡ್ತದ, ಬಾಗಿಲ ತನಕ ಕಳಸ್ತದ,
ಬಾಗಿಲಿನ್ಯಾಗ ಲೈಸನ್ಸ್ ಇಲ್ಲ ಅಂತ
ನಾಕು ಸೆಕೆಂಡಿನ್ಯಾಗ ಜಾಬು ಸಾಯ್ತದ.
ತಯ್ಯಬಾಂದು ಹಂಗೇ ಸತ್ತಿತ್ತು, ಎರಡು ಸಲ.

ಇವತ್ತು ಆಕಿ ಬರದಾಳ. ಒಂದೇ ಕೇಳ್ಯಾಳ.
ಶಹಾಬಾದ್ ಫರಸಿ, ಆರು ಅಡಿದು,
ಬಿಸಲಿಗೆ ಎಲ್ಲಿಂದ ಸೀಳ್ತದ ಅನ್ನೋ ಲೆಕ್ಕ.
ಹಾಸ್ಟೆಲಿನಿಂದ ಮೂರು ಮೆಸೇಜು:
ಮ್ಯಾಡಮ್, ಪೆಂಡಿಂಗ್ ಅದ.
ಮ್ಯಾಡಮ್, ಇನ್ನೂ ಪೆಂಡಿಂಗ್.
ಮೂರನೇದ್ರಾಗ ಬರೇ ಒಂದು ಚುಕ್ಕಿ.

ಪಟ್ಟಿ ತಗದೆ. ನಾಕು ನಿಯತ್ತಿಲೆ ದುಡೀಲತ್ತಾವ.
ಐದನೇದು ಸಂಜಿ ಆರರಿಂದ ಸರದಿಯ ಹೊರಗ,
ಯಾರದೋ ಪರದೆ ಮ್ಯಾಲೆ, ಏನೂ ಮಾಡದ,
ಸುಮ್ನ ತೆರಕೊಂಡು ಕುಂತದ.
ಹೊರಗಿನ ನಂಬರ್ ನೋಡಿದ್ದೇ
ಬೀದರಿನ ಭೀಮಶಾ ಸರ್ ಮ್ಯಾಲೆ ಸಿಟ್ಟು ಬಂತು.
ಫೋನೂ ಹಚ್ಚಿದೆ. ನಿದ್ದಿಗಣ್ಣಿನ ದನಿ:
"ನಂದಲ್ಲವ್ವಾ. ನಾ ಲ್ಯಾಪ್‌ಟಾಪ್ ಮುಚ್ಚೇ ಉಂಡೀನಿ.
ನಂಬರ್ ಬಿಡು, ಹೆಸರು ಓದು."

ಓದಿದೆ.
ಜಗದೇವಿ.
ಬ್ರಹ್ಮಪುರದ ಮನಿ, ಒಳಕೋಣಿ ಮೇಜು,
ಕುಕ್ಕರ್ ಕೂಗ್ತಂತ ಎದ್ದು ಹೋದಾಗ
ಅರ್ಧಕ್ಕ ಬಿಟ್ಟ ನಂದೇ ಚಿತ್ರ.

ಇಲ್ಲಿಂದಲೇ ಕಡದೆ. ಒಂದು ಸಾಲು, ಒಂದು ಎಂಟರ್.
ತಯ್ಯಬಾನ ಜಾಬು ಎದ್ದು ನಡೀತು,
ಖಾಲಿ ಇದ್ದ ಎಂಟು ಯಂತ್ರದ ಪಂಖಾ
ಒಮ್ಮಿಗೇ ದನಿ ಏರಿಸಿದವು.

ಭೀಮಶಾ ಸರ್‌ಗೆ ಏನಂತ ಬರೀಲಿ,
ಇನ್ನೂ ಯೋಚಸಲತ್ತೀನಿ.
ಅಪ್ಪನ ಪಟ್ಟಿಯಾಗ ಒಂದು ಹಾಳಿ ಇತ್ತು,
ನಮ್ಮ ಅಕ್ಕನ ಮದುವಿದು.
ಹಂಡೆ ವಾಪಸ್ ಅನ್ನೋ ಕಡೆ
ಅಪ್ಪ ಏನೂ ಬರದಿದ್ದಿಲ್ಲ.