ಏಳನೇ ಗ್ರೀನಿನ ಕರಕಿ

ಹೋಳಿ ಮುಗದು ಹನ್ನೆರಡು ದಿನ. ಬೀದರಿನ ಚಳಿ
ಕಿಲ್ಲೇದ ಕಡಿಂದ ಒಮ್ಮೆ ಹೊರಳಿ ನೋಡಿ ಹೋಯ್ತು.
ನಸುಕಿನಾಗ ನಾನು ಉದ್ದನ ಬಿದರಿನ ಕೋಲು ಹಿಡಕೊಂಡು
ಗ್ರೀನಿನ ಮ್ಯಾಲ ಅಡ್ಡ ಬೀಸತೀನಿ,
ಇಬ್ಬನಿ ಉದುರಸಲಿಕ್ಕ.
ಹಸಿ ಹುಲ್ಲಿಗೆ ರೋಗ ಲಗೂ ಅಂಟತದ, ಅಂತಾರ ಗಫೂರ್ ಮೇಸ್ತ್ರಿ.
ಮೊಳಕಾಲತನ ನನ್ನ ಸೀರಿ ತೊಯ್ದದ್ದು
ಅವರ ಲೆಕ್ಕದಾಗಿಲ್ಲ.

ಇದು ಕರಕಿ.
ಚೀಲದ ಮ್ಯಾಲ ಬ್ಯಾರೆ ಹೆಸರದ, ಬರ್ಮುಡಾ ಅಂತ,
ಸಮುದ್ರದಾಚಿದು.
ನಾ ಒಂದು ಗೆಣ್ಣು ಮುರದು ಮೂಸಿ ನೋಡೀನಿ.
ಕರಕೀನೇ.

ನಮ್ಮವ್ವ ನರಸಾಬಾಯಿ ಮೂವತ್ತು ವರ್ಷ
ಮಂದಿ ತೊಗರಿ ಹೊಲದಾಗ ಕುಂತು
ಇದರ ಬೇರಿನ ಬೆನ್ನು ಹತ್ತಿದಾಕಿ.
ಒಂದು ಗೆಣ್ಣು ಉಳದರೂ ಮುಗೀತು, ಅನ್ನಾಕಿ,
ಮತ್ತ ಸಂಸಾರ ಹೂಡತದ.
ಆಕಿ ಕುರ್ಪಿ ಸವದು ಚಮಚದಷ್ಟಾಗಿತ್ತು.
ಈಗ ಅದೇ ಗೆಣ್ಣಿಗೆ ನಾ ಯೂರಿಯಾ ತೂಗಿ ಹಾಕತೀನಿ.
ಮೊದಲ ಪಗಾರದ ದಿನ ಅವ್ವಗ ಹೇಳಿದೆ.
ಕರಕಿ ಬೆಳಸಲಿಕ್ಕ ರೊಕ್ಕ ಕೊಡತಾರೇನ?
ನಕ್ಕು ನಕ್ಕು ಕೆಮ್ಮು ಬಂದು
ನೀರು ಕುಡಸಬೇಕಾಯ್ತು.

ಹೋದ ವಾರ ತೂತಿನ ಕೆಲಸ.
ಮಷೀನು ಬೆರಳಿನಷ್ಟು ಮಣ್ಣಿನ ಕಡ್ಡಿ ಕಿತ್ತು ಕಿತ್ತು ಒಗೀತು.
ಕೆಳಗಿನ ಜಂಬಿಟ್ಟಿಗಿ ಮಣ್ಣು ಮ್ಯಾಲ ಬಂದು
ಹಸುರಿಗೆ ದಡಾರ ಎದ್ದಂಗ ಕಂಡಿತು.
ಐತವಾರ ಆಡಲಿಕ್ಕ ಬಂದ ಸಾಹೇಬ್ರು ಸಿಟ್ಟಾದ್ರು:
ಚಂದಿದ್ದದ್ದು ಯಾಕ ಕೆಡಿಸೀರಿ?
ಗಫೂರ್ ಮೇಸ್ತ್ರಿ ಟೊಪಗಿ ತಗದು ತಲಿ ಕೆರಕೊಂಡು,
ಉಸುರಾಡಬೇಕಲ್ರಿ ಸಾಬ್, ಅದಕೂ, ಅಂದ್ರು.

ಆಮ್ಯಾಲ ಮಾಂಜ್ರಾದ ಉಸುಕು, ಚಾಳಣಗಿ ಹಿಡದದ್ದು.
ತೂತಿನಾಗ ಬೀಳೋಹಂಗ ಕಸಬರಗಿಲೆ ಸರಸತೀವಿ.
ನೆಲ ನುಂಗತದ. ಮತ್ತ ಹಾಕತೀವಿ. ಮತ್ತ ನುಂಗತದ.
ನೀರಿನದೂ ಹಂಗೇ. ಈ ಊರಿನ ನೆಲಕ್ಕ ನೀರು ಕೊಟ್ಟರ
ಎಲ್ಲಿ ಇಟ್ಟೀನಂತ ಹೇಳಂಗಿಲ್ಲ,
ಹಳೇ ಕಾಲದವರು ಅದಕ್ಕೇ ಸುರಂಗ ಕಡದು ಹುಡುಕಿದ್ರು.

ಇವತ್ತ ಮುಂಜಾನಿ ಬಾವುಟದ ಬಗಲಾಗ
ಎರಡೆಲಿ, ನಡುವ ಮಡಚಿಕೊಂಡ ಮೂರೆಲಿ.
ಮೊಳಕಾಲೂರಿ ನೋಡಿದೆ.
ತೊಗರಿ.

ಉಸುಕು ತುಂಬಿ ತಂದದ್ದು ಅಡತಿ ಅಂಗಡಿ ಹಳೇ ಗೋಣಿಚೀಲದಾಗ.
ಹೊಲಿಗ್ಯಾಗ ಸಿಕ್ಕಿದ್ದ ಒಂದು ಕಾಳು
ಚಾಳಣಗಿ ತಪ್ಪಿಸಿ ಇಲ್ಲಿತನ ಬಂದದ.
ಐದು ಮಿಲಿಮೀಟರಿಗೆ ಕತ್ತರಿಸೋ ಜಾಗ ಇದು,
ವಾರದಿಂದ ಮಷೀನು ಹೊಡದಿಲ್ಲಂತ
ಆಳೆತ್ತರದ ಲೆಕ್ಕ ಹಾಕಲಕತ್ತದ.

ದೂರಿಂದ ಒದರಿದ್ರು ಮೇಸ್ತ್ರಿ: ಏನದು, ಕಳೇನಾ?
ಹ್ಞೂಂ, ಅಂದೆ.
ಕಳೆ, ಅನ್ನಲಿಕ್ಕ ಒಂದು ಗಳಿಗಿ ನಾಲಿಗಿ ಹೊರಳಲಿಲ್ಲ.

ಎರಡು ಬೆರಳಿಲೆ ಬುಡ ಹಿಡದು ಎಳದೆ.
ಅವ್ವ ಕರಕಿ ಕೀಳುವಾಗ ತಗೀತಿದ್ದ ಆ ಸಣ್ಣ ಸಪ್ಪಳ
ನನ್ನ ಗಂಟಲಾಗ ಬಂತು.
ಬೇರು ನೋಡಿದ್ದಕ್ಕಿಂತ ಉದ್ದಿತ್ತು.
ಅದು ಬಿಟ್ಟ ತೂತಿಗೆ ಚಿಟಿಕಿ ಉಸುಕು ಹಾಕಿ
ಹಿಮ್ಮಡಲೆ ಒತ್ತಿ ಸಮ ಮಾಡಿದೆ.
ಮಧ್ಯಾಹ್ನ ಒಬ್ಬರ ಚೆಂಡು ಅದರ ಮ್ಯಾಲಿಂದ ಉರುಳಿ ಹೋಯ್ತು,
ತಟಗೂ ಬಾಗಲಿಲ್ಲ.

ಸಸಿ ಸೆರಗಿನ ತುದಿಯಾಗದ, ತೊಯ್ಸಿದ ಬಟ್ಟಿ ಸುತ್ತಿ.
ಪಂಪ್‌ಹೌಸಿನ ಹಿಂದ ಒಂದಿಷ್ಟು ಜಾಗ ಅದ, ಯಾರೂ ಆಡಂಗಿಲ್ಲ ಅಲ್ಲಿ.
ಆದರ ಹಚ್ಚಬೇಕಂದ್ರ
ಮೊದಲು ಕುಂತು ಕೀಳಬೇಕು,
ಪೂರಾ ಕರಕಿ.