ಹಿಂಗೈ

ಮುಚ್ಚಳ ಈಗಲೇ ಬೇಡ, ಎನ್ನುತ್ತಾನೆ ಬದ್ರಿ.
ಯಾರೂ ಕೇಳದಿದ್ದರೂ ಅಂಗಿತೋಳು ಸರಿಸಿ ತೋರಿಸುತ್ತಾನೆ:
ಮೊಣಕೈಯಿಂದ ಮಣಿಕಟ್ಟಿನವರೆಗೆ ನುಣುಪು ಚರ್ಮ,
ಕೂದಲು ಹುಟ್ಟದ ಜಾಗ.
ಲಾರಿಯದು. ಇಪ್ಪತ್ತರ ಅವಸರದ್ದು.

ರುಸ್ತಾವಿಯ ಅಂಗಳದಲ್ಲಿ ಹಳೇ ಓಪೆಲ್
ಟಿಕ್ ಟಿಕ್ ಎನ್ನುತ್ತ ಆರುತ್ತಿದೆ.
ಎತೇರಿ ಒಂದು ಚಹಾ ಕುಡಿದಳು. ಇನ್ನೊಂದು.
ರೇಡಿಯೇಟರಿನ ಮೇಲಿನ ಕೊಳವೆಗೆ, ಅಂಗೈ ಅಲ್ಲ, ಹಿಂಗೈ ಇಟ್ಟು
ಜ್ವರದ ಮಗುವಿನ ಹಣೆ ನೋಡಿದಂತೆ ನೋಡಿದಳು.
ಇನ್ನೂ ಇಲ್ಲ.

ಬಾಲ್ಕನಿಯಿಂದ ಲಾಮಾರಾ ಕೂಗಿದಳು:
ದ್ರಾಕ್ಷಿರಸದ ಬೋಗುಣಿ ಮುಟ್ಟಿದರೆ ನೋಡು!
ಸರಿ, ಬಣ್ಣದ ಹಳೇ ಡಬ್ಬ.
ಆ ಹಸಿರು ನೀರು ಸಿಹಿಯಂತೆ, ಕೊಲ್ಲುವ ಸಿಹಿ;
ಕಿವಿಗೆ ಹಳದಿ ಬಿಲ್ಲೆಯ ಬೀದಿನಾಯಿ ಆಗಲೇ ಮೂಸುತ್ತ ಬಂತು.
ಡಬ್ಬದ ಮೇಲೆ ಹಲಗೆ, ಹಲಗೆಯ ಮೇಲೆ ಇಟ್ಟಿಗೆ.

ಸಂಜೆ. ಬ್ಯಾಟರಿಯ ತಂತಿ ಬಿಚ್ಚಿ,
ಬಟ್ಟೆ ಹಿಡಿದು ಮುಚ್ಚಳ ಕಾಲು ಸುತ್ತು.
ಬುಸ್ಸೆನ್ನಲಿಲ್ಲ.
ಎಳೆಯಬೇಕಾದ್ದು ವೈರನ್ನಲ್ಲ, ಅದರ ತಲೆಯನ್ನು;
ಉಗುರಿನಿಂದ ಕೊಂಡಿ ಎತ್ತಿದಳು.
ಹತ್ತೊಂಬತ್ತರ ಪಾನಾ. ಕಚ್ಚಿಕೊಂಡಿದೆ. ಬಿಟ್ಟಿತು.

ಹೆಬ್ಬೆರಳ ತುದಿಯಷ್ಟು ಹಿತ್ತಾಳೆ.
ಕುದಿಯುವಾಗಲೂ ಎಲ್ಲ ತಣ್ಣಗಿದೆ ಎಂದು
ಚಳಿಗಾಲವಿಡೀ ವರದಿ ಕೊಟ್ಟದ್ದು ಇದು.
ಬದ್ರಿ ದೀಪಕ್ಕೆ ಹಿಡಿದು, ಇಷ್ಟೇನಾ, ಎಂದ.

ಹೊಸದನ್ನು ಮೊದಲು ಬೆರಳಿನಿಂದಲೇ ತಿರುಗಿಸಿದಳು.
ಎಳೆ ತಪ್ಪಿದರೆ ಅಲ್ಯೂಮಿನಿಯಂ ಕ್ಷಮಿಸದು,
ಬಿಗಿ ಮೀರಿದರೂ.
ನೀರು ತುಂಬಿ, ಗಾಳಿ ಬಿಟ್ಟು, ಸ್ಟಾರ್ಟ್ ಮಾಡಿ ಕಾದರು.
ಮುಳ್ಳು ಏರಿತು, ನಡುವೆ ನಿಂತಿತು.
ಫ್ಯಾನು ಗುರ್ರೆಂದದ್ದಕ್ಕೆ ನಾಯಿ ಬೊಗಳಿತು.

ಎತೇರಿಯ ಹಿಂಗೈ ಮಾತ್ರ
ಮತ್ತೆ ಕೊಳವೆಯ ಕಡೆಗೆ ಹೊರಟಿತ್ತು.
ಬದ್ರಿ ಅವಳ ತೋಳು ಹಿಡಿದ.