ನಲವತ್ತೊಂದು ಮಾರು

ವದಾನಿನ ನಮ್ಮ ಮನೆಗೆ ಮರಳು
ನೆಂಟರ ಹಾಗೆ ಹೊಸಿಲು ದಾಟಿ ಬರುತ್ತದೆ;
ದಿನಾ ಗುಡಿಸುತ್ತೇನೆ, ದಿನಾ ಬರುತ್ತದೆ.
ತೊಗಲಿನ ಪೆಟ್ಟಿಗೆಯಲ್ಲಿ ಅಪ್ಪನ ಹಾಳೆಗಳು:
ನಡುವೆ ಗ್ರಂಥದ ಒಂದೇ ಒಂದು ಸಾಲು,
ಸುತ್ತ ನಾಲ್ಕೂ ಅಂಚಿನಲ್ಲಿ ಇರುವೆ ಹರಿದ ಹಾಗೆ
ಓದಿದವರ ಮಾತು,
ಮಾತಿನ ಮೇಲೆ ಮಾತು.

ಏನನ್ನೂ ಬಿಟ್ಟಿಲ್ಲ ಎನ್ನುವ ಸಾಲು ಅದು.

"ಏನನ್ನೂ ಅಂದರೆ?"
ಕೇಳಿದವನು ಇಸಲ್ಮು, ಹತ್ತು ವರ್ಷದ ಪೋರ,
ಹಲಗೆಯ ಮಸಿ ಇನ್ನೂ ಹಸಿ.
"ನಮ್ಮ ಬಾವಿಯ ಆಳ ಇದೆಯಾ ಅದರಲ್ಲಿ?"
ಹುಡುಗರು ಕಿಸಕ್ಕೆಂದರು.
ಗುಡಾರದ ಮರೆಯಲ್ಲಿ ನಾನು
ಮೂರನೆಯ ಸುತ್ತಿನ ಚಹಾ ಎತ್ತಿ ಸುರಿಯುತ್ತಿದ್ದೆ.
ಕೈ ಅಲ್ಲೇ ನಿಂತಿತು.

ಅಪ್ಪ ಬೈಯಲಿಲ್ಲ. ಹಾಳೆ ತಿರುಗಿಸಿದ.
ಬಲ ಅಂಚಿನವನು ಉದಾರಿ:
ಎಲ್ಲ ಇದೆ, ನಿನ್ನ ಅಂಗಾಲಿನ ಮುಳ್ಳೂ ಇದೆ,
ಖರ್ಜೂರದ ಬೀಜದೊಳಗೆ ತೋಪು ಇರುವ ಹಾಗೆ;
ಕಾಣದಿದ್ದರೆ ಕೊರತೆ ಕಣ್ಣಿನದು.
ಕೆಳಗಿನವನು ಲೆಕ್ಕದ ಮನುಷ್ಯ:
ಯಾವುದು ಸಲ್ಲುತ್ತದೆ, ಯಾವುದು ಸಲ್ಲದು,
ನಡೆಯಲು ಬೇಕಾದದ್ದೆಲ್ಲ ಇದೆ;
ದಾರಿಯ ಕಲ್ಲು ಎಣಿಸಿಕೊಡಲು
ಇಳಿದು ಬಂದದ್ದಲ್ಲ ಅದು.
ಎಡಗಡೆಯವನ ಅಕ್ಷರ ಸಣ್ಣ, ಕೈ ನಡುಗಿದ ಗುರುತು:
ಇಲ್ಲಿ ಗ್ರಂಥವೆಂದರೆ ನಮ್ಮ ಮಡಿಲಲ್ಲಿರುವುದಲ್ಲ,
ಮೇಲೆ, ಅವನ ಬಳಿ ಇರುವ ಹಲಗೆ;
ಎಲೆ ಉದುರಿದ್ದೂ ದಾಖಲಾಗುವುದು ಅಲ್ಲಿ.

ಇಸಲ್ಮು ತನ್ನ ಹಲಗೆ ನೋಡಿಕೊಂಡ.
ಇದ್ದಿಲು, ಜಾಲಿಯ ಅಂಟು, ಇಷ್ಟೇ ನಮ್ಮ ಮಸಿ.
ಪಾಠ ಬಾಯಿಗೆ ಬಂದ ಸಂಜೆ ತೊಳೆದು
ಆ ಕಪ್ಪು ನೀರು ಕುಡಿಯುತ್ತಿದ್ದೆವು.
"ಮೇಲಿನ ಹಲಗೆಯನ್ನೂ ತೊಳೆಯುತ್ತಾರಾ?"

ಅಪ್ಪನಿಗೆ ಉತ್ತರ ಹೊಳೆಯಲಿಲ್ಲ.
ಅಥವಾ ಹೊಳೆದು, ನುಂಗಿಕೊಂಡ.
ಬೆರಳು ಮೇಲಂಚಿಗೆ ಸರಿಯಿತು. ಅಲ್ಲೊಬ್ಬ:
ತಿಳಿಯದಿದ್ದರೆ ತಿಳಿದವರನ್ನು ಕೇಳಿ ಅಂತ ಅದರಲ್ಲೇ ಇದೆಯಲ್ಲ,
ಕೇಳಿ ಪಡೆದದ್ದೂ ಹಾಗಾದರೆ ಅದರ ಲೆಕ್ಕಕ್ಕೇ.
"ಏಳು. ಬೆಯ್ರೂಕನ ಬಳಿ ಹೋಗು."

ಬೆಯ್ರೂಕ ಬಾವಿ ತೋಡಿದವನು.
ಅವನ ಅಜ್ಜ ನಮ್ಮಜ್ಜನ ಆಳು;
ಆಳು ಎಂಬುದು ಮೆತ್ತನೆಯ ಮಾತು.
ಆ ಮನೆಯ ಯಾರ ಕೈಗೂ ಹಲಗೆ ಕೊಟ್ಟವರಲ್ಲ ನಾವು.
ಹಗ್ಗ ಹೊಸೆಯುತ್ತಲೇ ಹೇಳಿದನಂತೆ:
"ನಲವತ್ತೊಂದು ಮಾರು.
ಇಪ್ಪತ್ತರ ತನಕ ಸಡಿಲ ಮರಳು, ಆಮೇಲೆ ಬಂಡೆ.
ಹದಿನೆಂಟರಲ್ಲಿ ನನ್ನ ತಮ್ಮ."
"ತಮ್ಮ?"
"ಕುಸಿಯಿತು. ಅವನನ್ನು ತೆಗೆದು, ಮತ್ತೆ ತೋಡಿದೆವು."

ಹುಡುಗ ಒಂದೇ ಉಸಿರಿಗೆ ಒಪ್ಪಿಸಿದ.
ಅಪ್ಪನ ಲೋಟದ ಚಹಾ ಆರಿತು.
ಆ ನೀರಿನದೇ ಚಹಾ.
ಆ ನೀರಿನಲ್ಲೇ ಅಷ್ಟು ವರ್ಷ
ಹಲಗೆ ತೊಳೆದದ್ದು.

ಈಗ ಅಪ್ಪನಿಲ್ಲ. ನಕಲು ಮಾಡುವವಳು ನಾನು,
ಕನ್ನಡಕದ ಒಂದು ಕಿವಿಗೆ ದಾರ.
ಎಡ ಅಂಚಿನಲ್ಲಿ ಗೆದ್ದಲು ತಿಂದ ತೂತು;
ಅದನ್ನು ಬಳಸಿಕೊಂಡು, ತೀರ ಚಿಕ್ಕದಾಗಿ,
ಅಪ್ಪನದೇ ಕೈ:
ಬೆಯ್ರೂಕ್ ಹೇಳಿದ್ದು, ನಲವತ್ತೊಂದು.
ಹದಿನೆಂಟರಲ್ಲಿ ಮೆಸ್ಸೂದ್.

"ಇದು ವ್ಯಾಖ್ಯಾನವೇ?" ಎಂದ ಇಸಲ್ಮು,
ಅವನ ಗಡ್ಡವೂ ನರೆತಿದೆ. "ನಕಲಿಗೂ ಬೇಕೇ?"

ಹೊಸ ಹಾಳೆಯಲ್ಲಿ ತೂತಿರಲಿಲ್ಲ.
ಆದರೂ ಅಷ್ಟು ಜಾಗ ಖಾಲಿ ಬಿಟ್ಟು
ಸುತ್ತ ಬರೆದೆ, ಎರಡೂ ಸಾಲು.
ಮಸಿ ಹೀರಲಿ ಎಂದು ಚಿಟಿಕೆ ಮರಳು ಉದುರಿಸಿದೆ,
ಮನೆಯಲ್ಲಿ ಅದಕ್ಕೇನು ಬರವೇ.